ಸರ್ವರ್ ಬರೆಯುವ ದಿನಚರಿ: ಲಾಗ್ ಸುಧಾರಣೆಯ ಬಗ್ಗೆ ಓದುಗರ ಪ್ರಶ್ನೆಗಳು

ಸರ್ವರ್ ತಂತ್ರಾಂಶವು ತಾನು ಮಾಡಿದ್ದನ್ನೂ ಮಾಡಲಾಗದೆ ಹೋದದ್ದನ್ನೂ ಸಾಲುಸಾಲಾಗಿ ಬರೆದಿಡುವ ದಾಖಲೆಯೇ ಲಾಗ್. ಕೋಡ್‌ನ ಈ ಭಾಗವನ್ನು ಸುಧಾರಿಸುವ ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇನೆ. ಮೊದಲ ಪತ್ರಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ, ಏಕೆಂದರೆ ಉಳಿದ ಹಲವು ಪ್ರಶ್ನೆಗಳ ಬೇರು ಅದರಲ್ಲಿಯೇ ಇದೆ.

ಪ್ರಶ್ನೆ: ನಮ್ಮದು ಆರು ಜನರ ತಂಡ. ಪತ್ತಿನ ಸಹಕಾರ ಸಂಘಗಳ ಲೆಕ್ಕಪತ್ರ ನೋಡಿಕೊಳ್ಳುವ ಜಾವಾ ಸರ್ವರ್ ತಂತ್ರಾಂಶವೊಂದನ್ನು ಹನ್ನೊಂದು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಕೋಡ್‌ನಲ್ಲಿ ಕೆಲವು ಕಡೆ ಲಾಗ್‌ಫೋರ್‌ಜೆಯ ಮೊದಲ ಆವೃತ್ತಿಯಿದೆ (ಅದು ಲಾಗ್ ಬರೆಯುವ ಲೈಬ್ರರಿ, ಅಂದರೆ ಸಿದ್ಧ ಕೋಡ್‌ನ ಸಂಗ್ರಹ), ಕೆಲವು ಕಡೆ ಪರದೆಗೆ ನೇರವಾಗಿ ಮುದ್ರಿಸುವ ಸಿಸ್ಟಮ್ ಔಟ್ ಪ್ರಿಂಟ್‌ಎಲ್‌ಎನ್ ಇದೆ. ದೂರು ಬಂದಾಗ ಲಾಗ್ ತೆರೆದರೆ ಸಾವಿರಾರು ಸಾಲುಗಳಿರುತ್ತವೆ, ಆದರೆ ಬೇಕಾದದ್ದು ಇರುವುದಿಲ್ಲ. ಲೈಬ್ರರಿ ಬದಲಾಯಿಸಿದರೆ ಎಲ್ಲವೂ ಸರಿಹೋಗುತ್ತದೆ ಎಂದು ನಮ್ಮ ಮುಖ್ಯಸ್ಥರು ಹೇಳುತ್ತಾರೆ. ಎಲ್ಲಿಂದ ಆರಂಭಿಸಬೇಕು?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಲೈಬ್ರರಿಯನ್ನು ಬದಲಾಯಿಸಲೇಬೇಕು, ಅದಕ್ಕೆ ಬೇರೆ ಕಾರಣಗಳಿವೆ, ಅವನ್ನು ಕೊನೆಯಲ್ಲಿ ಹೇಳುತ್ತೇನೆ. ಆದರೆ ನೀವು ಬರೆದಿರುವ ಕಷ್ಟಕ್ಕೆ ಅದು ಮದ್ದಲ್ಲ. ಹೊಸ ಪೆನ್ನು ಕೊಂಡ ಮಾತ್ರಕ್ಕೆ ಪತ್ರದ ಒಕ್ಕಣೆ ತಾನಾಗಿ ತಿದ್ದಿಕೊಳ್ಳುವುದಿಲ್ಲ.

ಕೆಲಸವನ್ನು ಕೋಡ್‌ನಿಂದ ಆರಂಭಿಸದೆ ದೂರಿನಿಂದ ಆರಂಭಿಸಿ. ಕಳೆದ ಕೆಲವು ತಿಂಗಳುಗಳಲ್ಲಿ ಬಂದ ದೂರುಗಳಲ್ಲಿ ನಿಮ್ಮನ್ನು ಹೆಚ್ಚು ಕಾಡಿದ ಮೂರನ್ನು ಆರಿಸಿಕೊಳ್ಳಿ. ಸದಸ್ಯರೊಬ್ಬರ ಖಾತೆಗೆ ಒಂದೇ ಮೊತ್ತ ಎರಡು ಸಲ ಜಮಾ ಆಗಿತ್ತು ಎಂದಿಟ್ಟುಕೊಳ್ಳೋಣ. ಆ ದಿನದ ಲಾಗ್ ಫೈಲನ್ನು, ಆ ಕೋಡ್ ಬರೆಯದ ಸಹೋದ್ಯೋಗಿಯೊಬ್ಬರ ಮುಂದಿಟ್ಟು, ನಡೆದದ್ದೇನೆಂದು ಹೇಳುವಂತೆ ಕೇಳಿ. ಅವರು ತಡವರಿಸಿ ನಿಮ್ಮ ಕಡೆ ತಿರುಗಿ ಕೇಳುವ ಒಂದೊಂದು ಪ್ರಶ್ನೆಯನ್ನೂ ಕಾಗದದ ಮೇಲೆ ಬರೆದುಕೊಳ್ಳಿ. ಇದು ಯಾವ ಶಾಖೆಯದು? ಈ ಸಾಲು ಮತ್ತು ಕೆಳಗಿನ ಸಾಲು ಒಂದೇ ರಿಕ್ವೆಸ್ಟಿಗೆ (ಸರ್ವರ್‌ಗೆ ಬಂದ ಕೋರಿಕೆಗೆ) ಸೇರಿದವೇ? ಇದು ಮೊದಲ ಪ್ರಯತ್ನವೋ ಮರುಪ್ರಯತ್ನವೋ? ಡೇಟಾಬೇಸ್ ಎಷ್ಟು ಹೊತ್ತು ತೆಗೆದುಕೊಂಡಿತು? ಈ ಪಟ್ಟಿಯೇ ನಿಮ್ಮ ಸುಧಾರಣೆಯ ನಕ್ಷೆ. ಲಾಗ್ ಬರೆಯುವವನಿಗೆ ಎಲ್ಲವೂ ಗೊತ್ತಿರುತ್ತದೆ, ಓದುವವನಿಗೆ ಏನೂ ಗೊತ್ತಿರುವುದಿಲ್ಲ. ಅದರಲ್ಲೂ ರಾತ್ರಿ ಎರಡು ಗಂಟೆಗೆ ಓದುವವನಿಗೆ ಇನ್ನೂ ಕಡಿಮೆ.

ಒಂದು ಸಾಲನ್ನು ಹತ್ತಿರದಿಂದ ನೋಡೋಣ. ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ಕಾಣುವ ಸಾಲು ಹೀಗಿರುತ್ತದೆ:

ಎರರ್: ಹಣ ಜಮಾ ಆಗಲಿಲ್ಲ

ಅದೇ ಘಟನೆಯನ್ನು ಹೀಗೂ ಬರೆಯಬಹುದು:

2025-03-14 11:42:07.318 +05:30 | ಎರರ್ | ಜಮಾ ವಿಫಲ | ರಿಕ್ವೆಸ್ಟ್=7ಎಫ್3ಎ91 | ಶಾಖೆ=14 | ಖಾತೆ=2291 | ಪ್ರಯತ್ನ=2 | ಅವಧಿ=5003 ಮಿ.ಸೆ. | ಕಾರಣ=ಡೇಟಾಬೇಸ್ ಕನೆಕ್ಷನ್ ಸಿಗಲಿಲ್ಲ

ಎರಡನೆಯ ಸಾಲು ಉದ್ದವಾಗಿದೆ ಎಂಬುದಕ್ಕಿಂತ ಅದು ಏನನ್ನು ಬಿಟ್ಟುಕೊಡುತ್ತದೆ ಎಂಬುದನ್ನು ಗಮನಿಸಿ. ಅವಧಿ 5003 ಮಿಲಿಸೆಕೆಂಡ್ ಎಂದರೆ ಯಾವುದೋ ಐದು ಸೆಕೆಂಡುಗಳ ಗಡುವು ಮೀರಿದೆ ಎಂದು ಅನುಭವವಿರುವವರು ಕೂಡಲೇ ಊಹಿಸುತ್ತಾರೆ. ಪ್ರಯತ್ನ 2 ಎಂದರೆ ಮೊದಲ ಪ್ರಯತ್ನವೊಂದು ನಡೆದಿದೆ. ಅದು ನಿಜವಾಗಿ ವಿಫಲವಾಗಿತ್ತೋ, ಅಥವಾ ಹಣ ಜಮಾ ಆಗಿ ಉತ್ತರ ಮಾತ್ರ ತಡವಾಗಿತ್ತೋ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಎರಡು ಸಲ ಜಮಾ ಆದ ರಹಸ್ಯ ಹೆಚ್ಚಾಗಿ ಅಡಗಿರುವುದು ಅಲ್ಲಿಯೇ. ಹೀಗೆ ಹೆಸರು ಮತ್ತು ಮೌಲ್ಯಗಳ ಜೋಡಿಯಾಗಿ ಬರೆದರೆ ಇನ್ನೊಂದು ಅನುಕೂಲವಿದೆ: 14ನೆಯ ಶಾಖೆಯ ವಿಫಲ ಜಮಾಗಳನ್ನು ಮಾತ್ರ ಆರಿಸಿ ಕೊಡು ಎಂದು ಯಂತ್ರವನ್ನು ಕೇಳಬಹುದು. ಸರ್ವರ್‌ಗಳ ಸಂಖ್ಯೆ ಬೆಳೆದಂತೆ ಈ ಸಾಲುಗಳನ್ನು ಯಂತ್ರಗಳು ಸುಲಭವಾಗಿ ಓದುವ ಜೇಸನ್ ಎಂಬ ರೂಪಕ್ಕೆ ಒಯ್ಯುವುದು ಒಳ್ಳೆಯದು. ಆರು ಜನರ ತಂಡಕ್ಕೆ ಮೊದಲ ದಿನವೇ ಅದು ಬೇಕೆಂದೇನಿಲ್ಲ.

ಮೇಲಿನ ಸಾಲಿನಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವುದು ರಿಕ್ವೆಸ್ಟ್ ಗುರುತು. ಸರ್ವರ್ ಏಕಕಾಲಕ್ಕೆ ನೂರಾರು ರಿಕ್ವೆಸ್ಟ್‌ಗಳನ್ನು ನಡೆಸುವುದರಿಂದ ಅವುಗಳ ಸಾಲುಗಳು ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ರಿಕ್ವೆಸ್ಟ್ ಒಳಬಂದ ಕ್ಷಣದಲ್ಲಿಯೇ ಅದಕ್ಕೊಂದು ಗುರುತು ಕೊಟ್ಟು, ಅದು ಮುಗಿಯುವವರೆಗೆ ಬರೆಯುವ ಪ್ರತಿ ಸಾಲಿನಲ್ಲೂ ಆ ಗುರುತು ಕಾಣುವಂತೆ ಮಾಡಬೇಕು. ಜಾವಾದ ಲಾಗ್ ಲೈಬ್ರರಿಗಳಲ್ಲಿ ಇದಕ್ಕೆ ಎಂಡಿಸಿ ಎಂಬ ಸೌಲಭ್ಯವಿದೆ. ಗುರುತನ್ನು ಅದರಲ್ಲಿ ಒಂದು ಕಡೆ ಇಟ್ಟರೆ ಸಾಕು, ಆ ಥ್ರೆಡ್ (ಸರ್ವರ್‌ನೊಳಗೆ ಒಂದು ಸಮಯಕ್ಕೆ ಒಂದು ಕೆಲಸ ನಡೆಸುವ ಎಳೆ) ಬರೆಯುವ ಸಾಲುಗಳಿಗೆಲ್ಲ ಅದು ತಾನಾಗಿ ಸೇರಿಕೊಳ್ಳುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಸರ್ವರ್‌ಗಳು ಥ್ರೆಡ್‌ಗಳನ್ನು ಮತ್ತೆ ಮತ್ತೆ ಬಳಸುತ್ತವೆ. ಕೆಲಸ ಮುಗಿದಾಗ ಗುರುತನ್ನು ಅಳಿಸದಿದ್ದರೆ, ಮುಂದೆ ಅದೇ ಥ್ರೆಡ್ ಮಾಡುವ ಬೇರೆ ಕೆಲಸದ ಸಾಲುಗಳಿಗೂ ಹಳೆಯ ಗುರುತೇ ಅಂಟಿಕೊಂಡು ಬರುತ್ತದೆ. ಗುರುತೇ ಇಲ್ಲದ ಲಾಗ್‌ಗಿಂತ ಇದು ಕೆಟ್ಟದ್ದು, ಏಕೆಂದರೆ ಅದು ಸುಳ್ಳು ಹೇಳುತ್ತದೆ. ಆದ್ದರಿಂದ ಅಳಿಸುವ ಸಾಲನ್ನು, ನಡುವೆ ದೋಷ ಎದ್ದರೂ ತಪ್ಪದೆ ನಡೆಯುವ ಫೈನಲಿ ಭಾಗದಲ್ಲಿಯೇ ಇಡಿ. ನಿಮ್ಮ ತಂತ್ರಾಂಶ ಬೇರೆ ಸರ್ವರ್‌ಗಳನ್ನೂ ಕರೆಯುವುದಾದರೆ, ಗುರುತನ್ನು ಸಾಗಿಸಲು ಸ್ವಂತ ಹೆಡರ್ (ರಿಕ್ವೆಸ್ಟಿನ ತಲೆಭಾಗದಲ್ಲಿ ಹೋಗುವ ಮಾಹಿತಿ) ಕಂಡುಹಿಡಿಯುವ ಬದಲು, ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ 2020ರಲ್ಲಿ ಅಂಗೀಕರಿಸಿದ ಟ್ರೇಸ್‌ಪೇರೆಂಟ್ ಹೆಡರನ್ನೇ ಬಳಸಿ.

ಎರಡನೆಯ ಕೆಲಸ ಅಳಿಸುವುದು. ಹಳೆಯ ಕೋಡ್‌ಗಳಲ್ಲಿ ಒಂದು ಕೆಟ್ಟ ಅಭ್ಯಾಸ ಬೇರೂರಿರುತ್ತದೆ: ಕೆಳಗಿನ ಪದರ ಎಕ್ಸೆಪ್ಶನ್ (ಕೋಡ್ ನಡೆಯುವಾಗ ಏಳುವ ದೋಷ) ಹಿಡಿದು ಲಾಗ್ ಬರೆದು ಮೇಲಕ್ಕೆ ಎಸೆಯುತ್ತದೆ, ಮೇಲಿನ ಪದರವೂ ಹಾಗೆಯೇ ಮಾಡುತ್ತದೆ, ಅದರ ಮೇಲಿನದೂ ಹಾಗೆಯೇ. ಹೀಗೆ ಒಂದೇ ವೈಫಲ್ಯ ನಾಲ್ಕು ಸಲ, ದೋಷ ಯಾವ ಕರೆಗಳ ಮೂಲಕ ಬಂತೆಂದು ತೋರಿಸುವ ನಾಲ್ಕು ಉದ್ದನೆಯ ಸ್ಟ್ಯಾಕ್ ಟ್ರೇಸ್‌ಗಳೊಂದಿಗೆ ದಾಖಲಾಗುತ್ತದೆ. ಓದುವವರಿಗೆ ನಾಲ್ಕು ಅನಾಹುತಗಳಾದಂತೆ ಕಾಣುತ್ತದೆ. ಎಕ್ಸೆಪ್ಶನ್ನನ್ನು ನಿಭಾಯಿಸುವವರು ಲಾಗ್ ಬರೆಯಲಿ, ಮೇಲಕ್ಕೆ ದಾಟಿಸುವವರು ಬರೆಯದಿರಲಿ. ಈ ಒಂದು ನಿಯಮವೇ ನಿಮ್ಮ ಫೈಲಿನ ಗಾತ್ರವನ್ನು ಕಣ್ಣಿಗೆ ಕಾಣುವಷ್ಟು ಇಳಿಸಬಹುದು.

ಇದಕ್ಕೆ ವಿರುದ್ಧವಾದ ಒಂದು ಕಾಟವೂ ಜಾವಾದಲ್ಲಿದೆ, ಅನೇಕರಿಗೆ ಅದು ತಿಳಿದಿರುವುದಿಲ್ಲ. ಒಂದೇ ಜಾಗದಲ್ಲಿ ನಲ್ ಪಾಯಿಂಟರ್ ಎಕ್ಸೆಪ್ಶನ್ ಬಹಳ ಸಲ ಎದ್ದರೆ, ಹಾಟ್‌ಸ್ಪಾಟ್ ಕಂಪೈಲರ್ ವೇಗಕ್ಕಾಗಿ ಸ್ಟ್ಯಾಕ್ ಟ್ರೇಸನ್ನೇ ಕೈಬಿಟ್ಟು ಬರಿಯ ಹೆಸರನ್ನು ಮಾತ್ರ ಕೊಡಲಾರಂಭಿಸುತ್ತದೆ. ಲಾಗ್‌ನಲ್ಲಿ ಟ್ರೇಸ್ ಇಲ್ಲದ ಎಕ್ಸೆಪ್ಶನ್‌ಗಳ ಸರಮಾಲೆ ಕಂಡರೆ ಗಾಬರಿಯಾಗದೆ ಹಿಂದಕ್ಕೆ ಹೋಗಿ. ಸರ್ವರ್ ಆರಂಭವಾದ ಬಳಿಕ ಆ ಎಕ್ಸೆಪ್ಶನ್ ಮೊದಲ ಕೆಲವು ಸಲ ಎದ್ದಾಗಿನ ಸಾಲುಗಳಲ್ಲಿ ಪೂರ್ತಿ ಟ್ರೇಸ್ ಸಿಗುತ್ತದೆ. ಒಮಿಟ್ ಸ್ಟ್ಯಾಕ್ ಟ್ರೇಸ್ ಇನ್ ಫಾಸ್ಟ್ ಥ್ರೋ ಎಂಬ ಆಯ್ಕೆಯನ್ನು ಆಫ್ ಮಾಡಿಟ್ಟರೆ ಈ ನಡವಳಿಕೆ ನಿಲ್ಲುತ್ತದೆ.

ಇನ್ನು ಲೈಬ್ರರಿಯ ವಿಷಯ. ಲಾಗ್‌ಫೋರ್‌ಜೆಯ ಮೊದಲ ಆವೃತ್ತಿಗೆ ಅಪಾಚೆ ಸಂಸ್ಥೆಯ ಬೆಂಬಲ 2015ರ ಆಗಸ್ಟ್‌ನಲ್ಲಿಯೇ ಮುಗಿದಿದೆ. ಅದರಲ್ಲಿ ಪತ್ತೆಯಾಗುವ ಭದ್ರತಾ ದೋಷಗಳನ್ನು ಆ ಸಂಸ್ಥೆ ಸರಿಪಡಿಸುವುದಿಲ್ಲ. ತಕ್ಷಣಕ್ಕೆ ಕೋಡ್ ಮುಟ್ಟಲಾಗದಿದ್ದರೆ, ಅದೇ ಲೈಬ್ರರಿಯ ಮೂಲಕರ್ತೃ ಜೆಕಿ ಗುಲ್ಜು 2022ರಲ್ಲಿ ಆರಂಭಿಸಿದ ರೀಲೋಡ್‌ಫೋರ್‌ಜೆಯನ್ನು ಹಳೆಯದರ ಜಾಗದಲ್ಲಿ ಇಟ್ಟು ಉಸಿರಾಡಲು ಸಮಯ ಪಡೆಯಬಹುದು. ಮುಂದಿನ ಹೆಜ್ಜೆಯಾಗಿ ನಿಮ್ಮ ಕೋಡ್ ಎಲ್ಲೆಡೆ ಎಸ್‌ಎಲ್‌ಎಫ್‌ಫೋರ್‌ಜೆ ಎಂಬ ನಡುವಿನ ಪದರವನ್ನು ಮಾತ್ರ ಕರೆಯುವಂತೆ ಮಾಡಿ, ಅದರ ಹಿಂದೆ ನಿಜವಾಗಿ ಲಾಗ್ ಬರೆಯುವ ಲಾಗ್‌ಬ್ಯಾಕ್ ಅಥವಾ ಲಾಗ್‌ಫೋರ್‌ಜೆಯ ಎರಡನೆಯ ಆವೃತ್ತಿಯನ್ನು ನಿಲ್ಲಿಸಿ; ಆಗ ಮುಂದೆಂದಾದರೂ ಹಿಂದಿನ ಯಂತ್ರವನ್ನು ಬದಲಿಸಬೇಕಾಗಿ ಬಂದರೂ ಸಾವಿರಾರು ಸಾಲುಗಳನ್ನು ತಿದ್ದಬೇಕಾಗುವುದಿಲ್ಲ. ಪ್ರಿಂಟ್‌ಎಲ್‌ಎನ್ ಸಾಲುಗಳನ್ನು ಮಾತ್ರ ಉಳಿಸಬೇಡಿ. ಅವುಗಳಲ್ಲಿ ಸಮಯದ ಗುರುತಿಲ್ಲ, ಎರರ್, ವಾರ್ನಿಂಗ್ ಎಂಬಂಥ ತೀವ್ರತೆಯ ಮಟ್ಟವಿಲ್ಲ. ಟಾಮ್‌ಕ್ಯಾಟ್ ಎಂಬ ಜಾವಾ ವೆಬ್ ಸರ್ವರ್ ಬಳಸುವವರಾದರೆ ಅವೆಲ್ಲ ಕ್ಯಾಟಲಿನಾ ಔಟ್ ಎಂಬ ಒಂದೇ ಫೈಲಿಗೆ ಹೋಗಿ ಬೀಳುತ್ತವೆ, ಟಾಮ್‌ಕ್ಯಾಟ್ ಅದನ್ನು ತಾನಾಗಿ ಸರದಿಯಂತೆ ಬದಲಿಸುವುದೂ ಇಲ್ಲ.

ಎರಡನೆಯ ಆವೃತ್ತಿಯ ಹೆಸರು ಕೇಳಿದೊಡನೆ ನಿಮ್ಮ ಮುಖ್ಯಸ್ಥರಿಗೆ 2021ರ ಡಿಸೆಂಬರ್ ನೆನಪಾಗಬಹುದು. ಬಳಕೆದಾರ ಕಳುಹಿಸಿದ ಪಠ್ಯವನ್ನು ಲಾಗ್ ಮಾಡುವಾಗ, ಅದರೊಳಗೆ ಡಾಲರ್ ಚಿಹ್ನೆಯ ಮುಂದಿನ ಪುಷ್ಪಾವರಣದಲ್ಲಿ ಜೆಎನ್‌ಡಿಐ (ಹೊರಗಿನ ಸಂಪನ್ಮೂಲಗಳನ್ನು ಹುಡುಕಿ ತರುವ ಜಾವಾ ಸೌಲಭ್ಯ) ವಿಳಾಸವೊಂದಿದ್ದರೆ, ಲೈಬ್ರರಿ ಆ ವಿಳಾಸಕ್ಕೆ ಹೋಗಿ ಅಲ್ಲಿದ್ದುದನ್ನು ತಂದು ನಡೆಸಿಬಿಡುತ್ತಿತ್ತು. ಲಾಗ್‌ಫೋರ್‌ಶೆಲ್ ಎಂದು ಹೆಸರಾದ ಆ ದೋಷದ ತೀವ್ರತೆಗೆ ಹತ್ತಕ್ಕೆ ಹತ್ತು ಅಂಕ ಸಿಕ್ಕಿತು, ಆ ತಿಂಗಳು ಮುಗಿಯುವ ಮೊದಲೇ 2.15.0ರಿಂದ 2.17.1ರವರೆಗೆ ನಾಲ್ಕು ಆವೃತ್ತಿಗಳು ಹೊರಬಂದವು. ಇಂದಿನ ಆವೃತ್ತಿಗಳಲ್ಲಿ ಆ ಬಾಗಿಲು ಮುಚ್ಚಿದೆ, ಭಯಪಡಬೇಕಾಗಿಲ್ಲ. ಆದರೆ ನಿಮ್ಮದೇ ಕೋಡ್‌ನಲ್ಲಿ ಅದರ ಚಿಕ್ಕ ತಮ್ಮನೊಬ್ಬ ಇರುವ ಸಾಧ್ಯತೆಯಿದೆ: ಬಳಕೆದಾರ ತನ್ನ ಹೆಸರಿನ ಜಾಗದಲ್ಲಿ ಹೊಸ ಸಾಲಿನ ಚಿಹ್ನೆಯೊಂದನ್ನು ತುರುಕಿ, ಅದರ ಮುಂದೆ ನಿಮ್ಮ ಲಾಗ್‌ನ ಶೈಲಿಯಲ್ಲಿಯೇ ಒಂದು ಸುಳ್ಳು ಸಾಲನ್ನು ಬರೆದರೆ ಅದು ನಿಮ್ಮ ಫೈಲಿನಲ್ಲಿ ನಿಜದ ಸಾಲಿನಂತೆಯೇ ಕೂರುತ್ತದೆ. ಹೊರಗಿನಿಂದ ಬಂದ ಯಾವ ಪಠ್ಯವೂ ಸಾಲಿನ ರಚನೆಯನ್ನು ಒಡೆಯದಂತೆ, ಲಾಗ್ ಬರೆಯುವ ಒಂದೇ ಜಾಗದಲ್ಲಿ ತಡೆ ಹಾಕಿ.

ಪ್ರಶ್ನೆ: ಎರರ್ ಮತ್ತು ವಾರ್ನಿಂಗ್ ನಡುವಿನ ಗೆರೆ ಎಲ್ಲಿ ಎಳೆಯಬೇಕು? ನನ್ನ ಪ್ರಾಜೆಕ್ಟ್ ಮಾರ್ಗದರ್ಶಕರು ಒಂದು ಹೇಳುತ್ತಾರೆ, ಸೀನಿಯರ್‌ಗಳು ಇನ್ನೊಂದು ಹೇಳುತ್ತಾರೆ.
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ಈ ಮಟ್ಟಗಳ ಹಿಂದಿನ ಕಥೆ 1980ರ ದಶಕದ್ದು. ಬರ್ಕ್ಲಿಯಲ್ಲಿ ಎರಿಕ್ ಆಲ್‌ಮನ್ ಅವರು ಸೆಂಡ್‌ಮೇಲ್ ಎಂಬ ಅಂಚೆ ತಂತ್ರಾಂಶದ ಭಾಗವಾಗಿ ಸಿಸ್‌ಲಾಗ್ ರಚಿಸಿದರು. ಇಂದು ಅದರಲ್ಲಿ 0ರಿಂದ 7ರವರೆಗೆ ಎಂಟು ಮಟ್ಟಗಳಿವೆ: 0 ಎಂದರೆ ಇಡೀ ವ್ಯವಸ್ಥೆಯೇ ಬಳಕೆಗೆ ಬಾರದ ಸ್ಥಿತಿ, 7 ಎಂದರೆ ಡೀಬಗ್, ಅಂದರೆ ದೋಷ ಹುಡುಕುವಾಗ ಮಾತ್ರ ಬೇಕಾಗುವ ವಿವರ. ಪೈಥಾನ್ ಇದನ್ನು ತಿರುವುಮುರುವಾಗಿಸಿ ಡೀಬಗ್‌ಗೆ 10, ಕ್ರಿಟಿಕಲ್‌ಗೆ 50 ಎಂದು ಎಣಿಸುತ್ತದೆ. ಸಂಖ್ಯೆ ಹೇಗೇ ಇರಲಿ, ನಾನು ಅನುಸರಿಸುವ ನಿಯಮ ಸರಳ: ಒಬ್ಬ ಮನುಷ್ಯ ಎದ್ದು ಏನಾದರೂ ಮಾಡಬೇಕಾಗಿದ್ದರೆ ಎರರ್, ಸರ್ವರ್ ತಾನೇ ಸುಧಾರಿಸಿಕೊಂಡಿದೆ, ಆದರೆ ಇದು ಹೆಚ್ಚಾದರೆ ತೊಂದರೆ ಎಂದಿದ್ದರೆ ವಾರ್ನಿಂಗ್. ಬಳಕೆದಾರರೊಬ್ಬರು ಪಾಸ್‌ವರ್ಡ್ ತಪ್ಪಾಗಿ ಒತ್ತಿದ್ದು ನಿಮ್ಮ ಸರ್ವರ್‌ನ ದೋಷವಲ್ಲ, ಅದನ್ನು ಎರರ್ ಎಂದು ಬರೆಯಬೇಡಿ. ದಿನಕ್ಕೆ ಸಾವಿರ ಎರರ್ ಕಾಣುವ ತಂಡಕ್ಕೆ ‘ಹುಲಿ ಬಂತು ಹುಲಿ’ ಎಂದು ಕೂಗಿದ ಹುಡುಗನ ಗತಿಯೇ ಬರುತ್ತದೆ.

ಪ್ರಶ್ನೆ: ಮಧ್ಯರಾತ್ರಿ ಡಿಸ್ಕ್ ತುಂಬಿ ಸರ್ವರ್ ನಿಂತುಹೋಯಿತು. ಹಳೆಯ ಲಾಗ್ ಫೈಲನ್ನು ಅಳಿಸಿದೆವು, ಆದರೂ ಜಾಗ ಬಿಡುಗಡೆಯಾಗಲಿಲ್ಲ. ಕೊನೆಗೆ ಸರ್ವರನ್ನು ಮರುಪ್ರಾರಂಭಿಸಿದಾಗ ಸರಿಹೋಯಿತು. ಹೀಗೇಕಾಯಿತು? ಲಾಗ್ ಫೈಲುಗಳನ್ನು ಸರದಿಯಂತೆ ಬದಲಿಸುವ ಲಾಗ್‌ರೊಟೇಟ್ ಇದ್ದರೂ ಫೈಲ್ ಇಷ್ಟು ಬೆಳೆದದ್ದು ಹೇಗೆ?
– ಓದುಗರೊಬ್ಬರು, ಮೈಸೂರು

ಉತ್ತರ: ಲಿನಕ್ಸ್‌ನಲ್ಲಿ ಫೈಲ್ ಅಳಿಸುವುದು ಎಂದರೆ ಅದರ ಹೆಸರನ್ನು ಅಳಿಸುವುದು, ಅಷ್ಟೇ. ಯಾವುದಾದರೂ ಪ್ರೋಗ್ರಾಮ್ ಆ ಫೈಲನ್ನು ತೆರೆದಿಟ್ಟುಕೊಂಡಿರುವವರೆಗೆ ಅದರ ಒಡಲು ಡಿಸ್ಕಿನ ಮೇಲೆ ಹಾಗೆಯೇ ಇರುತ್ತದೆ. ನಿಮ್ಮ ಸರ್ವರ್ ಹೆಸರಿಲ್ಲದ ಆ ಫೈಲಿಗೆ ಬರೆಯುತ್ತಲೇ ಇತ್ತು. ಡಿಎಫ್ ಆಜ್ಞೆ ಡಿಸ್ಕ್ ತುಂಬಿದೆ ಎನ್ನುತ್ತದೆ, ಡಿಯು ಆಜ್ಞೆ ಎಲ್ಲ ಫೈಲುಗಳನ್ನು ಕೂಡಿಸಿ ಅಷ್ಟೊಂದು ಇಲ್ಲವಲ್ಲ ಎನ್ನುತ್ತದೆ. ಇವೆರಡರ ಲೆಕ್ಕ ತಾಳೆಯಾಗದಿದ್ದರೆ ಮೊದಲು ಈ ಅನುಮಾನ ಬರಬೇಕು. ಎಲ್‌ಎಸ್‌ಓಎಫ್ ಆಜ್ಞೆಗೆ ಪ್ಲಸ್ ಎಲ್1 ಎಂಬ ಆಯ್ಕೆ ಕೊಟ್ಟರೆ, ಹೆಸರು ಅಳಿದರೂ ತೆರೆದೇ ಇರುವ ಫೈಲುಗಳ ಪಟ್ಟಿ ಸಿಗುತ್ತದೆ. ಮುಂದಿನ ಸಲ ಅಳಿಸುವ ಬದಲು ಫೈಲನ್ನು ಶೂನ್ಯಕ್ಕೆ ಮೊಟಕುಗೊಳಿಸಿ. ಆದರೆ ಪ್ರೋಗ್ರಾಮ್ ಆ ಫೈಲನ್ನು ಅಪೆಂಡ್ ರೀತಿಯಲ್ಲಿ, ಅಂದರೆ ಸದಾ ಕೊನೆಗೇ ಸೇರಿಸುವಂತೆ ತೆರೆದಿರಬೇಕು. ಇಲ್ಲವಾದರೆ ಅದು ತಾನು ಹಿಂದೆ ನಿಲ್ಲಿಸಿದ್ದ ಸ್ಥಾನದಿಂದಲೇ ಬರವಣಿಗೆ ಮುಂದುವರಿಸಿ, ಫೈಲಿನ ಆರಂಭದಲ್ಲಿ ಒಂದು ದೊಡ್ಡ ಪೊಳ್ಳು ಉಳಿಯುತ್ತದೆ.

ಲಾಗ್‌ರೊಟೇಟ್ ಬಗ್ಗೆ ನಿಮ್ಮ ಎರಡನೆಯ ಪ್ರಶ್ನೆಗೆ ಉತ್ತರ ಬಹುಶಃ ಹೀಗಿದೆ. ಫೈಲ್ 100 ಎಂಬಿ ಮೀರಿದರೆ ಬದಲಿಸು ಎಂದು ನೀವು ಬರೆದಿರಬಹುದು; ಆದರೆ ಲಾಗ್‌ರೊಟೇಟ್ ಸದಾ ಕಾವಲು ಕಾಯುವ ಪ್ರೋಗ್ರಾಮ್ ಅಲ್ಲ, ಸಾಮಾನ್ಯವಾಗಿ ಅದು ದಿನಕ್ಕೊಮ್ಮೆ ಎದ್ದು ನೋಡಿ ಮತ್ತೆ ಮಲಗುತ್ತದೆ. ನಡುವಿನ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಫೈಲ್ ಎಷ್ಟು ಬೆಳೆದರೂ ಅದಕ್ಕೆ ತಿಳಿಯುವುದಿಲ್ಲ. ಗಂಟೆಗೊಮ್ಮೆ ನಡೆಯುವಂತೆ ಮಾಡಿ. ಕಾಪಿಟ್ರಂಕೇಟ್ ಆಯ್ಕೆ ಸುಲಭವೆಂದು ಎಲ್ಲರೂ ಬಳಸುತ್ತಾರೆ, ಆದರೆ ನಕಲು ಮಾಡುವುದಕ್ಕೂ ಮೊಟಕುಗೊಳಿಸುವುದಕ್ಕೂ ನಡುವಿನ ಕ್ಷಣದಲ್ಲಿ ಬರೆದ ಸಾಲುಗಳು ಅದರಲ್ಲಿ ಕಳೆದುಹೋಗಬಹುದು. ಅದಕ್ಕಿಂತ, ಫೈಲಿನ ಹೆಸರು ಬದಲಾದ ಮೇಲೆ ಹೊಸದನ್ನು ತೆರೆಯುವಂತೆ ಸರ್ವರ್‌ಗೆ ಸಂಕೇತ ಕಳುಹಿಸುವುದು ಮೇಲು. ಎಂಜಿನ್‌ಎಕ್ಸ್ ವೆಬ್ ಸರ್ವರ್ ಯುಎಸ್‌ಆರ್1 ಎಂಬ ಸಂಕೇತ ಬಂದಾಗ ಇದನ್ನೇ ಮಾಡುತ್ತದೆ. ನಿಮ್ಮ ಸ್ವಂತ ಸರ್ವರ್‌ನ ಲಾಗ್ ಭಾಗಕ್ಕೂ ಅಂಥದ್ದೊಂದು ಸೌಲಭ್ಯ ಸೇರಿಸುವುದು ಒಂದು ದಿನದ ಕೆಲಸ. ತಂತ್ರಾಂಶವನ್ನು ಕಂಟೇನರ್ ಎಂಬ ಪ್ರತ್ಯೇಕ ಪೊಟ್ಟಣಗಳಲ್ಲಿ ನಡೆಸುವ ಡಾಕರ್ ಬಳಸುತ್ತಿದ್ದರೆ ಇನ್ನೂ ಒಂದು ಮಾತು: ಅದು ಮೂಲತಃ ಬಳಸುವ ಜೇಸನ್ ಫೈಲ್ ವಿಧಾನಕ್ಕೆ ಗಾತ್ರದ ಮಿತಿಯೇ ಇಲ್ಲ, ಮಿತಿಯನ್ನು ನಾವೇ ಹೇಳಬೇಕು. ಹೇಳಿದರೂ ಅದು ಹೊಸದಾಗಿ ಸೃಷ್ಟಿಸಿದ ಕಂಟೇನರ್‌ಗಳಿಗೆ ಮಾತ್ರ ಅನ್ವಯಿಸುತ್ತದೆ, ಈಗಾಗಲೇ ಓಡುತ್ತಿರುವವುಗಳಿಗೆ ಅಲ್ಲ.

ಫೈಲ್ ಎಂಬುದಕ್ಕೆ ನಾವು ಕಂಪ್ಯೂಟರ್ ಕನ್ನಡದಲ್ಲಿ ಕಡತ ಎಂಬ ಹಳೆಯ ಮಾತನ್ನು ಉಳಿಸಿಕೊಂಡಿದ್ದೇವೆ. ಮೂಲದಲ್ಲಿ ಕಡತವೆಂದರೆ ಬಟ್ಟೆಗೆ ಹುಣಿಸೆ ಬೀಜದ ಅಂಟು ಮತ್ತು ಇದ್ದಿಲ ಪುಡಿ ಬಳಿದು ಮಡಿಸಿದ ಕಪ್ಪು ಪುಸ್ತಕ. ಶಾನುಭೋಗರೂ ವರ್ತಕರೂ ಅದರ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು, ಬೇಡವಾದಾಗ ಒರೆಸಿ ಮತ್ತೆ ಬರೆಯುತ್ತಿದ್ದರು. ಲಾಗ್‌ರೊಟೇಟ್ ಮಾಡುವುದೂ ಹೆಚ್ಚುಕಡಿಮೆ ಅದನ್ನೇ.

ಪ್ರಶ್ನೆ: ಲಾಗ್ ಬರೆಯುವುದರಿಂದ ನಮ್ಮ ಸರ್ವರ್ ನಿಧಾನವಾಗುತ್ತಿದೆ ಎಂಬ ಅನುಮಾನವಿದೆ. ಇನ್ಫೋ (ಸಾಮಾನ್ಯ ಮಾಹಿತಿಯ) ಮಟ್ಟವನ್ನೇ ನಿಲ್ಲಿಸಿಬಿಡಬೇಕೆಂದು ಕೆಲವರು, ಸಾಲುಗಳನ್ನು ಸರತಿಯಲ್ಲಿಟ್ಟು ಬೇರೆ ಥ್ರೆಡ್ ಬರೆಯುವಂತೆ ಅಸಿಂಕ್ ಮಾಡಬೇಕೆಂದು ಕೆಲವರು. ಯಾವುದು ಸರಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ಇನ್ಫೋ ಪೂರ್ತಿ ನಿಲ್ಲಿಸುವುದು ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತೆ. ಅಳತೆ ಮಾಡದೆ ಯಾವುದನ್ನೂ ನಿರ್ಧರಿಸಬೇಡಿ. ನಾನು ಕಂಡಂತೆ ಹೊತ್ತು ತಿನ್ನುವುದು ಹಲವು ಬಾರಿ ಡಿಸ್ಕ್ ಅಲ್ಲ, ಡಿಸ್ಕಿಗೆ ಹೋಗುವ ಮುನ್ನ ನಡೆಯುವ ವ್ಯರ್ಥ ಕೆಲಸ. ಡೀಬಗ್ ಮಟ್ಟವನ್ನು ಆಫ್ ಮಾಡಿಟ್ಟಿದ್ದರೂ, ಸಾಲಿನ ಪಠ್ಯವನ್ನು ಕೂಡಿಸು ಚಿಹ್ನೆಯಿಂದ ಜೋಡಿಸಿ ಕೊಟ್ಟರೆ ಆ ಜೋಡಣೆ ನಡೆದೇ ನಡೆಯುತ್ತದೆ. ಜೋಡಿಸಿದ ಮೇಲೆ ಲೈಬ್ರರಿ ಅದನ್ನು ಎಸೆಯುತ್ತದೆ. ಪಠ್ಯವನ್ನೂ ಮೌಲ್ಯಗಳನ್ನೂ ಬೇರೆಬೇರೆಯಾಗಿ ಕೊಟ್ಟು ಜೋಡಿಸುವ ಕೆಲಸವನ್ನು ಲೈಬ್ರರಿಗೆ ಬಿಡಿ. ಪ್ರತಿ ಸಾಲಿನಲ್ಲೂ ಮೆಥಡ್‌ನ ಹೆಸರು ಮತ್ತು ಕೋಡ್‌ನ ಸಾಲಿನ ಸಂಖ್ಯೆ ಮುದ್ರಿಸುವಂತೆ ಮಾಡಿದ್ದರೆ ಅದನ್ನು ತೆಗೆಯಿರಿ. ಅದಕ್ಕಾಗಿ ಜಾವಾ ಪ್ರತಿ ಸಲವೂ ಸ್ಟ್ಯಾಕನ್ನು ಹತ್ತಿ ನೋಡಬೇಕಾಗುತ್ತದೆ.

ಇದೆಲ್ಲ ಆದ ಮೇಲೂ ಬೇಕೆನಿಸಿದರೆ ಅಸಿಂಕ್ ಮಾಡಿ, ಆದರೆ ಏನನ್ನು ಕೊಟ್ಟು ಏನನ್ನು ಪಡೆಯುತ್ತಿದ್ದೀರಿ ಎಂಬುದು ತಿಳಿದಿರಲಿ. ಹಿಂದೆ ನಾನಿದ್ದ ತಂಡವೊಂದರಲ್ಲಿ, ಪಾವತಿಯೊಂದರ ಆರಂಭದ ಸಾಲು ಲಾಗ್‌ನಲ್ಲಿದ್ದು ಮುಕ್ತಾಯದ ಸಾಲು ಇರಲಿಲ್ಲ. ರಿಕ್ವೆಸ್ಟ್ ಎಲ್ಲೋ ಸಿಕ್ಕಿಹಾಕಿಕೊಂಡಿದೆ ಎಂದು ತೀರ್ಮಾನಿಸಿ ಮೂರು ದಿನ ಕೋಡ್ ಜಾಲಾಡಿದೆವು. ಸಿಕ್ಕಿಹಾಕಿಕೊಂಡಿರಲೇ ಇಲ್ಲ. ಲಾಗ್‌ಬ್ಯಾಕ್‌ನ ಅಸಿಂಕ್ ಅಪೆಂಡರ್‌ಗೆ ಬೇರೇನೂ ಹೇಳದಿದ್ದರೆ ಅದರ ಸರತಿಯಲ್ಲಿ 256 ಸಾಲುಗಳಿಗೆ ಮಾತ್ರ ಜಾಗ, ಅದರಲ್ಲಿ ಶೇ. 80 ತುಂಬಿದೊಡನೆ ಅದು ಟ್ರೇಸ್, ಡೀಬಗ್ ಮತ್ತು ಇನ್ಫೋ ಸಾಲುಗಳನ್ನು ಸದ್ದಿಲ್ಲದೆ ಎಸೆಯುತ್ತದೆ, ವಾರ್ನಿಂಗ್ ಮತ್ತು ಎರರ್‌ಗಳನ್ನು ಮಾತ್ರ ಉಳಿಸಿಕೊಳ್ಳುತ್ತದೆ. ಹೆಚ್ಚು ದಟ್ಟಣೆಯ ಹೊತ್ತಿನಲ್ಲಿ ನಮ್ಮ ಮುಕ್ತಾಯದ ಸಾಲುಗಳು ಹೀಗೆ ಮಾಯವಾಗುತ್ತಿದ್ದವು. ಇದು ಲೈಬ್ರರಿಯ ತಪ್ಪಲ್ಲ, ಅದರ ದಾಖಲೆಯಲ್ಲಿ ಸ್ಪಷ್ಟವಾಗಿಯೇ ಬರೆದಿದೆ, ನಾವು ಓದಿರಲಿಲ್ಲ. ಸರತಿಯನ್ನು ದೊಡ್ಡದು ಮಾಡಿ, ಎಸೆಯುವ ಮಿತಿಯನ್ನು ಶೂನ್ಯಕ್ಕೆ ಇಳಿಸಿ ಎಸೆಯುವುದನ್ನೇ ನಿಲ್ಲಿಸಿ, ಆಗ ಸರತಿ ಪೂರ್ತಿ ತುಂಬಿದರೆ ಸರ್ವರ್ ಕಾಯಬೇಕಾಗುತ್ತದೆ ಎಂಬುದನ್ನು ಒಪ್ಪಿಕೊಳ್ಳಿ. ಕಾಯುವುದು ಬೇಡವೆನ್ನುವವರು ಕನಿಷ್ಠಪಕ್ಷ, ಎಸೆದ ಸಾಲುಗಳ ಎಣಿಕೆಯನ್ನಾದರೂ ಇಟ್ಟು ನಿಮಿಷಕ್ಕೊಮ್ಮೆ ಬರೆಯಲಿ. ಸರ್ವರ್ ನಿಲ್ಲಿಸುವಾಗ ಸರತಿಯಲ್ಲಿ ಉಳಿದದ್ದನ್ನು ಬರೆದು ಮುಗಿಸುವ ಏರ್ಪಾಡೂ ಇರಬೇಕು; ಪ್ರೋಗ್ರಾಮನ್ನು ಒಮ್ಮೆಗೇ ಕೊಲ್ಲುವ ಕಿಲ್ 9 ಆಜ್ಞೆ ಕೊಟ್ಟು ನಿಲ್ಲಿಸುವವರಿಗೆ ಆ ಭಾಗ್ಯವೂ ಇಲ್ಲ, ಅವರಿಗೆ ಅತಿ ಅಗತ್ಯವಾದ ಕೊನೆಯ ಸಾಲುಗಳೇ ಸಿಗುವುದಿಲ್ಲ.

ಪ್ರಶ್ನೆ: ಸರ್ಕಾರದ ನಿಯಮದಂತೆ 180 ದಿನಗಳ ಲಾಗ್ ಇಡಬೇಕೆಂದು ನಮ್ಮ ಲೆಕ್ಕಪರಿಶೋಧಕರು ಹೇಳಿದ್ದಾರೆ. ಹಾಗಾದರೆ ಬಂದ ಪ್ರತಿ ರಿಕ್ವೆಸ್ಟನ್ನೂ ಪೂರ್ತಿಯಾಗಿ ಬರೆದಿಟ್ಟರೆ ಸುರಕ್ಷಿತವಲ್ಲವೇ?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲ ಮಾತು ನಿಜ, ಎರಡನೆಯದು ಅಪಾಯಕಾರಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ಸಂಸ್ಥೆಗಳು ತಮ್ಮ ವ್ಯವಸ್ಥೆಗಳ ಲಾಗ್‌ಗಳನ್ನು ಸದಾ ಹಿಂದಿನ 180 ದಿನಗಳಷ್ಟು ಸುರಕ್ಷಿತವಾಗಿ ಇಟ್ಟುಕೊಂಡಿರಬೇಕು, ಕೇಳಿದಾಗ ಒದಗಿಸಬೇಕು. ಅದೇ ನಿರ್ದೇಶನದಲ್ಲಿ, ಸೈಬರ್ ಘಟನೆಗಳನ್ನು ಅರಿವಿಗೆ ಬಂದ ಆರು ಗಂಟೆಗಳೊಳಗೆ ತಿಳಿಸಬೇಕೆಂದೂ, ಗಡಿಯಾರಗಳನ್ನು ಎನ್‌ಐಸಿ (ರಾಷ್ಟ್ರೀಯ ಮಾಹಿತಿ ಕೇಂದ್ರ) ಅಥವಾ ರಾಷ್ಟ್ರೀಯ ಭೌತ ಪ್ರಯೋಗಾಲಯದ ಸಮಯ ಸರ್ವರ್‌ಗಳಿಗೆ, ಇಲ್ಲವೇ ಅವುಗಳನ್ನು ಆಧರಿಸಿದ ಸರ್ವರ್‌ಗಳಿಗೆ ಹೊಂದಿಸಿರಬೇಕೆಂದೂ ಹೇಳಿದೆ. ಗಡಿಯಾರದ ಈ ಮಾತನ್ನು ಹಗುರವಾಗಿ ಕಾಣಬೇಡಿ. ಎರಡು ಸರ್ವರ್‌ಗಳ ಗಡಿಯಾರಗಳು ಮೂರು ಸೆಕೆಂಡ್ ಆಚೀಚೆಯಾದರೂ ಉತ್ತರವು ಪ್ರಶ್ನೆಗಿಂತ ಮೊದಲೇ ಬಂದಂತೆ ಲಾಗ್‌ನಲ್ಲಿ ಕಾಣುತ್ತದೆ. ಸಮಯದ ಜೊತೆಗೆ +05:30 ಎಂಬ ವಲಯವನ್ನು ತಪ್ಪದೆ ಬರೆಯಿರಿ, ಅಥವಾ ಎಲ್ಲೆಡೆ ಜಾಗತಿಕ ಸಮಯವಾದ ಯುಟಿಸಿ ಬಳಸಿ, ಅರ್ಧಂಬರ್ಧ ಬೇಡ.

ಆದರೆ ಲಾಗ್ ಇಡಬೇಕು ಎಂದ ಮಾತ್ರಕ್ಕೆ ರಿಕ್ವೆಸ್ಟಿನ ಒಳಗಿರುವುದನ್ನೆಲ್ಲ ಇಡಬೇಕೆಂದು ಅರ್ಥವಲ್ಲ. ಯಾರು, ಯಾವಾಗ, ಎಲ್ಲಿಂದ, ಏನನ್ನು ಮಾಡಲು ಬಂದರು, ಆಯಿತೇ ಇಲ್ಲವೇ ಎಂಬುದು ತನಿಖೆಗೆ ಬೇಕು. ಪಾಸ್‌ವರ್ಡ್, ಒಟಿಪಿ, ಆಧಾರ್ ಸಂಖ್ಯೆ, ಕಾರ್ಡ್ ಸಂಖ್ಯೆ, ಸೆಶನ್ ಟೋಕನ್ ಬೇಡ. 2018ರ ಮೇ ತಿಂಗಳಲ್ಲಿ ಟ್ವಿಟರ್ ತನ್ನ 33 ಕೋಟಿ ಬಳಕೆದಾರರಿಗೂ ಪಾಸ್‌ವರ್ಡ್ ಬದಲಿಸಲು ಸೂಚಿಸಿತು. ಪಾಸ್‌ವರ್ಡನ್ನು ಗೂಢರೂಪಕ್ಕೆ ತಿರುಗಿಸುವ ಕೆಲಸ ಮುಗಿಯುವ ಮೊದಲೇ ಅದು ಆಂತರಿಕ ಲಾಗ್ ಒಂದರಲ್ಲಿ ಇದ್ದಂತೆಯೇ ದಾಖಲಾಗುತ್ತಿತ್ತು. ಅಲ್ಲಿ ಯಾರೂ ಬೇಕೆಂದು ಪಾಸ್‌ವರ್ಡ್ ಬರೆದಿರಲಿಲ್ಲ. ಪೂರ್ತಿ ರಿಕ್ವೆಸ್ಟನ್ನು ಬರೆದಿಡುವ ಕೋಡ್‌ನಲ್ಲೂ ಯಾರೂ ಬೇಕೆಂದು ಬರೆಯುವುದಿಲ್ಲ, ಆದರೂ ಅದು ಬಂದು ಕೂರುತ್ತದೆ. ನಮ್ಮಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಈಗ ಇದೆ ಎಂಬುದನ್ನು ನಿಮ್ಮ ಲೆಕ್ಕಪರಿಶೋಧಕರಿಗೆ ನೆನಪಿಸಿ.

ಇದನ್ನು ಕೋಡ್‌ನಲ್ಲಿ ಜಾರಿಗೊಳಿಸುವಾಗ, ಬರೆಯಬಾರದ್ದರ ಪಟ್ಟಿ ಮಾಡುವುದಕ್ಕಿಂತ ಬರೆಯಬಹುದಾದ್ದರ ಪಟ್ಟಿ ಮಾಡುವುದು ಒಳ್ಳೆಯದು. ಪಾಸ್‌ವರ್ಡ್ ಎಂಬ ಹೆಸರಿನ ಕ್ಷೇತ್ರವನ್ನು ಮರೆಮಾಡಿದರೆ, ಮುಂದಿನ ತಿಂಗಳು ಯಾರೋ ಪಿನ್ ಎಂಬ ಹೊಸ ಕ್ಷೇತ್ರ ಸೇರಿಸುತ್ತಾರೆ, ಅದು ಬಯಲಾಗುತ್ತದೆ. ಹೆಸರಿಸಿದ ಕ್ಷೇತ್ರಗಳು ಮಾತ್ರ ಲಾಗ್‌ಗೆ ಹೋಗುವಂತಿದ್ದರೆ, ಹೊಸದು ಸೇರಿದಾಗ ಅದು ತಾನಾಗಿ ಹೊರಗುಳಿಯುತ್ತದೆ. ವೆಬ್ ವಿಳಾಸದಲ್ಲಿ ಪ್ರಶ್ನಾರ್ಥಕ ಚಿಹ್ನೆಯ ನಂತರ ಬರುವ ಭಾಗವನ್ನೂ ನೋಡಿಕೊಳ್ಳಿ. ಟೋಕನ್‌ಗಳು ಅಲ್ಲಿ ಅಡಗಿದ್ದು ಆಕ್ಸೆಸ್ ಲಾಗ್‌ನಲ್ಲಿ ಹಾಯಾಗಿ ಮಲಗಿರುತ್ತವೆ.

ಪ್ರಶ್ನೆ: ನಮ್ಮ ಪೈಥಾನ್ ಸರ್ವರ್‌ನ ಜೇಸನ್ ಲಾಗ್‌ನಲ್ಲಿ ಕನ್ನಡ ಪದಗಳು ಬ್ಯಾಕ್‌ಸ್ಲಾಷ್, ಯು ಮತ್ತು ಅಂಕಿಗಳಾಗಿ ಕಾಣುತ್ತವೆ. ಅದನ್ನು ಸರಿಪಡಿಸಿದ ಮೇಲೂ ಹುಡುಕಿದಾಗ ಕೆಲವು ಊರುಗಳ ಹೆಸರು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಕಣ್ಣಿಗೆ ಮಾತ್ರ ಎಲ್ಲವೂ ಸರಿಯಾಗಿಯೇ ಇದೆ.
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ನಿಮ್ಮ ಊರಿನ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ, ಅದರಲ್ಲಿ ಎಲ್ಲವೂ ಇದೆ. ‘ಶಿವಮೊಗ್ಗ’ ಎಂಬುದು ಯೂನಿಕೋಡ್‌ನಲ್ಲಿ ಎಂಟು ಸಂಕೇತಗಳು: ಶ, ಗುಡಿಸು, ವ, ಮ, ಒತ್ವ, ಗ, ಅರ್ಧಾಕ್ಷರ ಮಾಡುವ ಚಿಹ್ನೆ (್), ಗ. ಅವನ್ನು ಬೈಟ್‌ಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ ಒಂದೊಂದಕ್ಕೆ ಮೂರರಂತೆ 24 ಬೈಟ್‌ಗಳು. ಪೈಥಾನ್‌ನ ಜೇಸನ್ ಮಾಡ್ಯೂಲ್ ಬೇರೇನೂ ಹೇಳದಿದ್ದರೆ ಪ್ರತಿ ಸಂಕೇತವನ್ನೂ ಆರು ಅಕ್ಷರಗಳ ಸಂಕೇತರೂಪಕ್ಕೆ ತಿರುಗಿಸುತ್ತದೆ, ಆಗ ಅದು 48 ಬೈಟ್‌ಗಳಾಗುತ್ತದೆ, ಮನುಷ್ಯರಿಗೆ ಓದಲೂ ಬರುವುದಿಲ್ಲ. ಎನ್ಶೂರ್ ಆಸ್ಕಿ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿ ನೀವು ಇದನ್ನು ಸರಿಪಡಿಸಿರುವಿರಿ ಎಂದು ಭಾವಿಸುತ್ತೇನೆ. ಫೈಲ್ ಹ್ಯಾಂಡ್ಲರ್‌ಗೆ ಯುಟಿಎಫ್-8 ಎಂದು ಹೇಳುವುದನ್ನೂ ಮರೆಯಬೇಡಿ.

ಉಳಿದ ತೊಂದರೆ ಆ ಒತ್ವದಲ್ಲಿದೆ. ‘ಮೊ’ ಬರೆಯಲು ಯೂನಿಕೋಡ್‌ನಲ್ಲಿ ಎರಡು ದಾರಿಗಳಿವೆ: ಒತ್ವವನ್ನು ಒಂದೇ ಸಂಕೇತವಾಗಿ ಬರೆಯಬಹುದು, ಅಥವಾ ಎತ್ವ ಮತ್ತು ಊತ್ವ ಎಂಬ ಎರಡು ಸಂಕೇತಗಳನ್ನು ಒಂದರ ಮುಂದೊಂದು ಇಡಬಹುದು. ಪರದೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ, ಆದರೆ ಎರಡನೆಯದರಲ್ಲಿ ಒಂಬತ್ತು ಸಂಕೇತಗಳಿವೆ. ಗ್ರೆಪ್‌ನಂಥ ಹುಡುಕುವ ಸಾಧನಕ್ಕೆ ಅದು ಬೇರೆಯೇ ಪದ. ಮಾಹಿತಿ ಎಲ್ಲಿಂದ ಬಂತು, ಯಾವ ಕೀಲಿಮಣೆಯಿಂದ ಬಂತು ಎಂಬುದರ ಮೇಲೆ ಯಾವ ರೂಪ ಎಂಬುದು ನಿಂತಿರುತ್ತದೆ. ‘ತುಮಕೂರು’ ಸಿಗುತ್ತದೆ, ‘ಶಿವಮೊಗ್ಗ’ ಕೈಕೊಡುತ್ತದೆ. ಲಾಗ್ ಬರೆಯುವ ಮುನ್ನ ಪಠ್ಯವನ್ನು ಎನ್‌ಎಫ್‌ಸಿ ಎಂಬ ಪ್ರಮಾಣೀಕೃತ ರೂಪಕ್ಕೆ ತನ್ನಿ. ಪೈಥಾನ್‌ನಲ್ಲಿ ಯೂನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಇದನ್ನು ಒಂದು ಸಾಲಿನಲ್ಲಿ ಮಾಡುತ್ತದೆ. ಹುಡುಕುವ ಪದವನ್ನೂ ಅದೇ ರೂಪಕ್ಕೆ ತರಬೇಕು.

ಹಳೆಯ ಸಿಸ್‌ಲಾಗ್ ಮಾರ್ಗವಾಗಿ ಸಾಲುಗಳನ್ನು ಕಳುಹಿಸುತ್ತಿದ್ದರೆ ಉದ್ದವನ್ನೂ ಗಮನಿಸಿ. ಆ ಪದ್ಧತಿಯಲ್ಲಿ ಇಡೀ ಸಂದೇಶಕ್ಕೆ 1024 ಬೈಟ್‌ಗಳ ಮಿತಿಯಿದ್ದು, ಕನ್ನಡದಲ್ಲಿ ಅದು ಸುಮಾರು 340 ಸಂಕೇತಗಳಿಗೇ ಮುಗಿಯುತ್ತದೆ. ಬೈಟ್ ಎಣಿಸಿ ಕತ್ತರಿಸುವ ಪ್ರೋಗ್ರಾಮ್ ಅಕ್ಷರದ ನಡುವೆಯೇ ಕತ್ತರಿ ಹಾಕಿ, ಸಾಲಿನ ತುದಿಯಲ್ಲಿ ಓದಲಾಗದ ಚಿಹ್ನೆಯೊಂದನ್ನು ಬಿಟ್ಟುಹೋಗುತ್ತದೆ. ಸಂದೇಶದ ಸ್ಥಿರ ಭಾಗವನ್ನು ಚಿಕ್ಕದಾಗಿಟ್ಟು, ರಿಕ್ವೆಸ್ಟ್ ಗುರುತನ್ನು ಸಾಲಿನ ಆರಂಭದಲ್ಲಿಯೇ ಬರೆಯಿರಿ. ಬಾಲ ತುಂಡಾದರೂ ಗುರುತು ಉಳಿದಿರುತ್ತದೆ.